ದಿಬ್ಬಕ್ಕೆ ನೀರೇರಿಸಿದ ಅಣ್ಣ

ನಮ್ಮಣ್ಣ ಕೊಟ್ರಪ್ಪ ನೆಲಕ್ಕೆ ಮಲಗಿ, ಪೈಪಿಗೆ ಕಿವಿಯಿಟ್ಟು, ನೀರು ಎಲ್ಲಿಯತನಕ ಬಂದಿದೆ ಎಂದು ಹೇಳುತ್ತಿದ್ದ. "ಬರೇ ಗಾಳಿ ಬರಾಕತ್ತೈತಿ, ತಡೀರಿ." ಆಮೇಲೆ ಧೂಳು ಕೊಡವಿಕೊಂಡು ಎದ್ದು ಕನ್ನಡ, ತೆಲುಗು ಎರಡರಲ್ಲೂ ಕೂಗುತ್ತಿದ್ದ: "ನೀರು ಬಂತ್ರವ್ವೋ! ನೀಳ್ಳೊಚ್ಚಿನಾಯಮ್ಮೋ!" ಕೂಡ್ಲಿಗಿ ಕಡೆಯ ನಮ್ಮ ಸಣ್ಣ ಪಟ್ಟಣ ಪಂಚಾಯಿತಿಯಲ್ಲಿ ಅವನು ನೀರಿನ ವಾಲ್ವ್ ತಿರುಗಿಸುವ ದಿನಗೂಲಿಯಾಗಿದ್ದ.

ತೆಲುಗು ಮಾತಾಡುವ ಕಲ್ಲುಕೆಲಸದವರ ಓಣಿ ದಿಬ್ಬದ ಮೇಲಿದೆ. ಕೆಳಗಿರುವ ನಮ್ಮ ಓಣಿಯ ವಾಲ್ವ್ ಪೂರ್ತಿ ಮುಚ್ಚದೆ ಅಲ್ಲಿಗೆ ನೀರು ಏರುವುದಿಲ್ಲ. ಅಣ್ಣ ದಿನ ಬಿಟ್ಟು ದಿನ ಒಂದು ತಾಸು ಮುಚ್ಚುತ್ತಿದ್ದ. ನಮ್ಮ ಓಣಿಯ ಪಂಚಾಯಿತಿ ಮೆಂಬರಿಗೆ ಅದೇ ಸಿಟ್ಟು.

"ಏನಲೇ ಕೊಟ್ರಾ, ತೆಲುಗರ ಮನಿ ಅಳಿಯ ಆಗೀಯೇನು?"

"ನಿಮ್ಮ ಟ್ಯಾಂಕಿ ತುಂಬಿ ಗಟಾರಕ್ಕ ಹೊಂಟೈತ್ರಿ. ಗಟಾರಕ್ಕೂ ನೀರಡಿಕಿ ಆಗೈತೇನು?"

ಸುತ್ತ ನಿಂತ ಹೆಂಗಸರು ನಕ್ಕರು. ಆ ನಗುವಿಗೆ ಅವನು ಕೆಲಸವನ್ನೇ ತೆರಬೇಕಾಯಿತು. ಕನ್ನಡದವರಿಗೆ ನೀರು ತಪ್ಪಿಸುತ್ತಾನೆ ಎಂದು ಮೆಂಬರು ಅರ್ಜಿ ಬರೆಸಿದ. ವಿಚಾರಣೆಯ ಹಿಂದಿನ ದಿನ, ಪಂಚಾಯಿತಿ ಗೇಟಿನ ಬಳಿ ನನ್ನ ಮಿರ್ಚಿ ಬಂಡಿಗೆ ಬಂದು ತಿನ್ನುತ್ತಲೇ ಕೇಳಿದ: "ಬಂಡಿ ಇಲ್ಲೇ ನಿಲ್ಲಬೇಕಲ್ಲ, ಬಸಮ್ಮ?"

ಮರುದಿನ ವಿಚಾರಣೆಗೆ ಬಂದ ಸಾಹೇಬರು ನನ್ನನ್ನು ಕರೆದು, "ನಿಮ್ಮ ಓಣಿಗೆ ನೀರು ಬಿಡಲ್ಲಂತೆ, ಹೌದೇನಮ್ಮ?" ಎಂದರು. ಆಗ ನನ್ನ ಅಂಗಳದಲ್ಲಿ ಎಂಟು ಕೊಡ ತುಂಬಿದ್ದವು. "ಹೌದ್ರಿ" ಎಂದೆ. ನಾಲ್ಕನೇ ಇಯತ್ತೆ ಕಲಿತ ಕೈಯಿಂದ ಸಹಿಯನ್ನೂ ಹಾಕಿದೆ. "ಒಡಹುಟ್ಟಿದಾಕಿನೇ ಹೇಳ್ಯಾಳ, ಇನ್ನೇನ್ರಿ?" ಎಂದ ಮೆಂಬರು. ಆ ಸಾಹೇಬರು ಒಮ್ಮೆಯೂ ದಿಬ್ಬ ಹತ್ತಲಿಲ್ಲ. ಹತ್ತಿದ್ದರೆ, ಆ ಒಂದು ತಾಸು ಬಿಟ್ಟು ಉಳಿದ ಹೊತ್ತೆಲ್ಲ ಒಣಗಿರುವ ನಲ್ಲಿಗಳೇ ಸಾಕ್ಷಿ ಹೇಳುತ್ತಿದ್ದವು. ಸಂಜೆಯೊಳಗೆ ಅಣ್ಣನನ್ನು ಕೆಲಸದಿಂದ ತೆಗೆದರು. ಆ ಸಾಹೇಬರನ್ನು ಇಂದಿಗೂ ಬೈಯುತ್ತೇನೆ. ಆದರೆ ಸುಳ್ಳು ಹೇಳಿದ ನಾಲಿಗೆ ನನ್ನದು.

ಅಣ್ಣ ಮತ್ತೆ ನನ್ನ ಹೊಸ್ತಿಲು ತುಳಿಯಲಿಲ್ಲ. ಸಂತೆಯಲ್ಲಿ ಒಮ್ಮೆ ಎದುರಾದಾಗ ಇಷ್ಟೇ ಹೇಳಿದ: "ಬಂಡಿ ಹೋಗಿದ್ರ ಇಬ್ರೂ ಕೂಡಿ ಮತ್ತೊಂದು ಮಾಡ್ತಿದ್ವಿ, ಬಸಿ." ಅವನು ನನ್ನೊಡನೆ ಆಡಿದ ಕೊನೆಯ ಮಾತು ಅದು.

ಹೋದ ವರ್ಷ ಜ್ವರದಲ್ಲಿ ತೀರಿಕೊಂಡ. ಅವನ ಜಾಗಕ್ಕೆ ಬಂದವನು ಕೆಳಗಿನ ಓಣಿಯ ವಾಲ್ವನ್ನು ಅಪರೂಪಕ್ಕೊಮ್ಮೆ ಮಾತ್ರ ಮುಚ್ಚುತ್ತಿದ್ದ. ದಿಬ್ಬಕ್ಕೆ ನೀರೇರಿ ಹತ್ತು ದಿನವಾಗಿತ್ತು. ಆದರೂ ದಿಬ್ಬದ ಹೆಂಗಸರು, ಕುಡಿಯಲು ಕೂಡಿಟ್ಟಿದ್ದ ನೀರನ್ನೇ ಹೊತ್ತು ಇಳಿದು ಬಂದರು. ಹೆಣಕ್ಕೆ ಸ್ನಾನ ಮಾಡಿಸುವಾಗ ನಾನೂ ಒಂದು ಕೊಡ ಎತ್ತಿದೆ.

"ನುವ್ವು ಪೊಯ್ಯೊದ್ದು" ಎಂದಳು ಒಬ್ಬ ಮುದುಕಿ. ನೀನು ಹೊಯ್ಯಬೇಡ.

ನಮ್ಮ ಬೀಗರು, ಬಂಧುಗಳು ಎಲ್ಲರೂ ಅಲ್ಲೇ ಇದ್ದರು. ಯಾರೂ "ಆಕಿ ತಂಗಿ" ಎನ್ನಲಿಲ್ಲ. ಕೊಡವನ್ನು ಕೆಳಗಿಟ್ಟೆ.