ಅಂಗೈಯಲ್ಲಿ ಕರಗದ ಚೈನಾ ಗ್ರಾಸ್

೧೯೯೭ರಲ್ಲಿ ಕೊಪ್ಪಳ ಜಿಲ್ಲೆಯಾಯಿತು. ಮರುವರ್ಷ ನಾನು ಆಹಾರ ನಿರೀಕ್ಷಕನಾಗಿ ಅಲ್ಲಿಗೆ ಹೋದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಲ್ಕೂ ತಾಲ್ಲೂಕಿಗೆ ನಾನೊಬ್ಬನೇ. ಅಂಗಡಿಯ ಎಣ್ಣೆ, ಬೇಳೆ, ಖಾರದಪುಡಿ ತೆಗೆದು, ಮೂರು ಪಾಲು ಮಾಡಿ, ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸುವುದು ಕೆಲಸ. ವರದಿ ಬರಲು ತಿಂಗಳ ಮೇಲಾಗುತ್ತಿತ್ತು. ವ್ಯಾಪಾರಿಗಳು ಎದುರಿಗೆ ಚಹಾ ತರಿಸುತ್ತಿದ್ದರು, ಬೆನ್ನು ತಿರುಗಿಸಿದರೆ ಬೈಯುತ್ತಿದ್ದರು. ಎರಡಕ್ಕೂ ನಾನು ತಲೆ ಕೆಡಿಸಿಕೊಂಡವನಲ್ಲ. ಆದರೆ ಅಲ್ಲಿಯ ಮೊದಲ ಬೇಸಿಗೆಯ ಒಂದು ಮದುವೆಯನ್ನು ನೆನೆದರೆ ಇವತ್ತಿಗೂ ಸಿಟ್ಟು ನೆತ್ತಿಗೇರುತ್ತದೆ.

ಮೇ ತಿಂಗಳು. ಕುಷ್ಟಗಿಯ ಸರ್ಕಾರಿ ದವಾಖಾನೆಯಲ್ಲಿ ಇಲಾಖೆ ಕೊಟ್ಟ ಮೇಜಿನ ಮುಂದೆ ಕೂತಿದ್ದೆ. ಪೇದೆ ಯಮನೂರಪ್ಪ ಜೀಪು ನಿಲ್ಲಿಸಿ ಒಳಗೆ ಬಂದ.

"ಸಾಹೇಬ್ರ, ಲಗೂನ ಬರ್ರಿ. ಹನುಮಸಾಗರದ ಕಡೆ ಒಂದು ಲಗ್ನದಾಗ ಸಿಹಿ ಮಾಡಾಂವನ್ನ ಕಂಬಕ್ಕ ಕಟ್ಟಿ ಹೊಡ್ಯಾಕತ್ತಾರ. ಸಿಹಿಯೊಳಗ ಎಲುಬು ಹಾಕ್ಯಾನಂತ. ನಮ್ಮ ಸಾಹೇಬ್ರು ಬಂದೋಬಸ್ತಿಗೆ ಹೋಗ್ಯಾರ, ಠಾಣೆದಾಗ ನಾ ಒಬ್ಬನ ಅದೀನಿ."

"ಯಾವ ಸಿಹಿ?"

"ಅದ ರೀ, ಚೈನಾ ಗ್ರಾಸ್."

ಹೆಸರು ಕೇಳಿದ ಕೂಡಲೇ ನನಗೆ ಅರ್ಧ ಕಥೆ ತಿಳಿಯಿತು. ಚೈನಾ ಗ್ರಾಸ್ ಹುಲ್ಲೂ ಅಲ್ಲ, ಚೀನಾದಿಂದಲೇ ಬರಬೇಕೆಂದೂ ಇಲ್ಲ. ಸಮುದ್ರದ ಕೆಂಪು ಪಾಚಿಯನ್ನು ಕುದಿಸಿ, ಸೋಸಿ, ಒಣಗಿಸಿದ ಬಿಳಿ ಎಳೆ ಅದು. ರಸಾಯನಶಾಸ್ತ್ರದಲ್ಲಿ ಅದಕ್ಕೆ ಅಗರ್ ಎನ್ನುತ್ತಾರೆ. ಅದರ ಬಹುಭಾಗ ನಾರು. ಗ್ಯಾಲಕ್ಟೋಸ್ ಎಂಬ ಸಕ್ಕರೆಯ ಉದ್ದನೆಯ ಸರಪಳಿ, ನಮ್ಮ ಹೊಟ್ಟೆಗೆ ಜೀರ್ಣವಾಗದು. ಕೊಬ್ಬು ಇಲ್ಲವೇ ಇಲ್ಲ ಎನ್ನಬೇಕು, ಪ್ರೋಟೀನ್ ಹೆಸರಿಗಷ್ಟೇ. ಕಡಲಿನಿಂದ ಬಂದ ಸ್ವಲ್ಪ ಸುಣ್ಣ, ಕಬ್ಬಿಣ, ಅಯೋಡಿನ್ ಇರುತ್ತದೆ. ಕಡಲನ್ನೇ ಕಾಣದ ನಮ್ಮ ಸೀಮೆಯಲ್ಲಿ ಗಂಗಾವತಿಯ ಮುಸ್ಲಿಂ ಮನೆಗಳವರು ರಂಜಾನ್‌ಗೆ ಅದನ್ನು ಹಾಲು, ಸಕ್ಕರೆ, ಏಲಕ್ಕಿ ಹಾಕಿ ಕುದಿಸಿ, ತಟ್ಟೆಗೆ ಸುರಿದು, ಬರ್ಫಿಯ ಹಾಗೆ ಕತ್ತರಿಸುತ್ತಾರೆ. ತಿಂದರೆ ಹೊಟ್ಟೆ ತಂಪು. ಅಂಥ ಬಡಪಾಯಿ ಪಾಚಿಗೆ ಎಲುಬಿನ ಆರೋಪ.

ಅನುಮಾನ ಸುಮ್ಮನೆ ಹುಟ್ಟುವುದೂ ಅಲ್ಲ. ನೋಡಲು ಇದರ ಹಾಗೆಯೇ ಇರುವ ಇನ್ನೊಂದು ಪದಾರ್ಥವಿದೆ, ಜೆಲಟಿನ್. ಅದನ್ನು ದನದ ಎಲುಬು, ಚರ್ಮ ಬೇಯಿಸಿ ತೆಗೆಯುತ್ತಾರೆ. ಅದು ಪೂರಾ ಪ್ರೋಟೀನ್.

ಊರು ಹೊಕ್ಕಾಗ ಮೊದಲ ಕಲ್ಲು ಜೀಪಿನ ಗಾಜಿಗೆ ಬಿತ್ತು. ಎರಡನೆಯದು ನನ್ನ ಹುಬ್ಬಿಗೆ. ಇಳಿಯುವಷ್ಟರಲ್ಲಿ ಯಮನೂರಪ್ಪನ ಟೋಪಿ ಯಾರದೋ ಕಾಲಡಿ ಸೇರಿತ್ತು, ಲಾಠಿ ಇನ್ಯಾರದೋ ಕೈ ಸೇರಿತ್ತು. ಹಂದರದೊಳಗೆ ಕೊಪ್ಪರಿಗೆಗಳು ಬೋರಲು ಬಿದ್ದಿದ್ದವು. ಅನ್ನ, ಸಾರು ಕಾಲಡಿ ಕೆಸರಾಗಿತ್ತು. ಹಂದರದ ಕಂಬಕ್ಕೆ ಬಾವಿಯ ಹಗ್ಗದಿಂದ ಖಾಜಾಸಾಬನನ್ನು ಕಟ್ಟಿದ್ದರು. ಗಂಗಾವತಿಯವ, ನಲವತ್ತರ ಆಸುಪಾಸು, ಮದುವೆಗಳಿಗೆ ಸಿಹಿ ಮಾಡಿಕೊಡುವವ. ಒಂದು ಕಣ್ಣು ಮುಚ್ಚಿಹೋಗಿತ್ತು, ಬಾಯಿಂದ ರಕ್ತ ಅಂಗಿಗೆ ಇಳಿದಿತ್ತು. ಪಾಕ ತಿರುವುವ ಅವನ ಕಟ್ಟಿಗೆಯ ಹುಟ್ಟಿನಿಂದಲೇ ಅವನ ಬಲಗೈ ಮಣಿಕಟ್ಟನ್ನು ಮುರಿದಿದ್ದರು. ಪಕ್ಕದ ಒಲೆಯ ಮೇಲೆ ಬೂಂದಿ ಕರಿಯುವ ಎಣ್ಣೆ ಇನ್ನೂ ಹೊಗೆಯಾಡುತ್ತಿತ್ತು.

ಹುಟ್ಟು ಹಿಡಿದು ನಿಂತವನು ಶರಣಪ್ಪ, ಮದುಮಗಳ ಸೋದರಮಾವ. ಸುತ್ತಲಿನ ಮಗ್ಗಗಳಿಂದ ಇಳಕಲ್ ಸೀರೆ ಕೊಂಡು ಮಾರುವ ವ್ಯಾಪಾರಿ. ರೇಷ್ಮೆ ಖರೆಯೋ ಖೊಟ್ಟಿಯೋ ನೋಡಲು ಇವರು ಸೆರಗಿನ ಒಂದು ಎಳೆ ಕಿತ್ತು ಸುಡುತ್ತಾರೆ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ. ಶರಣಪ್ಪನ ಮೂಗು ಎಂದರೆ ಆ ಭಾಗದಲ್ಲಿ ಕೋರ್ಟಿನ ತೀರ್ಪಿದ್ದ ಹಾಗೆ. ಬೀಗರಲ್ಲಿ ಯಾರೋ ಒಬ್ಬರು, "ಇದನ್ನ ಎಲುಬಿಂದ ಮಾಡ್ತಾರಂತಲ್ಲ" ಎಂದು ಗಾಳಿಗೆ ಒಂದು ಮಾತು ಬಿಟ್ಟಿದ್ದರು. ಇವನು ಒಂದು ತುಂಡನ್ನು ಸೌಟಿನಲ್ಲಿಟ್ಟು ಒಲೆಗೆ ಹಿಡಿದ. ಕೂದಲು ಸುಟ್ಟ ವಾಸನೆ ಬಂತು. ಪ್ರಾಣಿಯದು ಎಂದು ತೀರ್ಮಾನವಾಯಿತು. ಊಟಕ್ಕೆ ಕೂತ ಮುನ್ನೂರು ಜನ ಎಲೆ ಬಿಟ್ಟು ಎದ್ದರು.

"ಲಿಂಗ ಕಟ್ಟಿದ ಮಂದಿಗೆ ಎಲುಬು ತಿನ್ನಿಸ್ಯಾನ ಇಂವ," ಶರಣಪ್ಪ ನನ್ನ ಕೊರಳಪಟ್ಟಿ ಹಿಡಿದ. "ನೀ ಸರಕಾರದಾಂವ ಅದಿ. ಪರೀಕ್ಷಾ ಮಾಡು. ಎಲುಬು ಅಂತ ಬಂತಂದ್ರ ಆ ಕೈ ಈ ಎಣ್ಣ್ಯಾಗ ಅದ್ದತೀನಿ."

ಮೊಹರು, ವರದಿ, ತಿಂಗಳು ಎಂದು ಹೇಳಹೊರಟೆ. ಹೊಟ್ಟೆಗೆ ಒಂದು ಗುದ್ದು ಬಿತ್ತು. ಸರಿ, ಚೀಲದಿಂದ ಪರೀಕ್ಷೆಯ ಸಣ್ಣ ಪೆಟ್ಟಿಗೆ ತೆಗೆದೆ. ಇಲಾಖೆಯದಲ್ಲ, ನನ್ನ ಖಯಾಲಿಗೆ ಇಟ್ಟುಕೊಂಡದ್ದು. ಅದರಲ್ಲಿ ಬೈಯುರೆಟ್ ಪರೀಕ್ಷೆಯ ನೀಲಿ ದ್ರಾವಣವಿತ್ತು. ಪ್ರೋಟೀನ್ ಇದ್ದರೆ ನೇರಳೆಯಾಗುತ್ತದೆ, ಇಲ್ಲದಿದ್ದರೆ ನೀಲಿಯಾಗಿಯೇ ಉಳಿಯುತ್ತದೆ. ಬಾಟಲಿಯ ಬಿರಡೆ ಬಿಚ್ಚಿದವನ ಕೈ ಅಲ್ಲೇ ನಿಂತಿತು.

ಸಿಹಿಯಲ್ಲಿ ಹಾಲು ಇದೆಯಲ್ಲ. ಹಾಲೂ ಪ್ರೋಟೀನೇ. ಸುಟ್ಟರೆ ಅದಕ್ಕೂ ಕೂದಲಿನದೇ ವಾಸನೆ. ಶರಣಪ್ಪನ ಮೂಗಿಗೆ ಬಡಿದದ್ದು ಪಾಚಿಯಲ್ಲ, ಹಾಲು. ನಾನು ಎರಡು ಹನಿ ಹಾಕಿದರೆ ನೇರಳೆ ಬಂದೇ ಬರುತ್ತದೆ, ಆಮೇಲೆ ನನ್ನ ವಿವರಣೆ ಕೇಳಲು ಅಲ್ಲಿ ಯಾರಿಗೆ ಪುರುಸೊತ್ತು? ಖಾಜಾಸಾಬನ ಕೈ ಎಣ್ಣೆಯಲ್ಲಿರುತ್ತದೆ. ಒಣ ಎಳೆ ಉಳಿದಿದೆಯೇ ಎಂದು ಕೇಳಿದೆ. ಪೊಟ್ಟಣ ಒಲೆ ಸೇರಿತ್ತು. ಬಾಟಲಿ ಮುಚ್ಚಿ ಒಳಗಿಟ್ಟೆ.

"ಯಾಕ ತಿರುಗಿ ಇಟ್ಟಿ? ಎಷ್ಟು ತಿಂದಿ ಅವನ ಕಡಿಂದ?" ಎಂದು ಹಿಂದಿನಿಂದ ಒಬ್ಬ ಒದ್ದ. ಮೊಣಕಾಲೂರಿ ಬಿದ್ದೆ. ಬಿದ್ದ ಜಾಗದಲ್ಲಿ ನನ್ನ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಒಂದು ತಟ್ಟೆಯಿತ್ತು. ಮುಂಜಾನೆಯಿಂದ ಬಿಸಿಲು ಬೀಳುವ ಹಂದರದ ಅಂಚಿನಲ್ಲಿ, ಉರಿಯುವ ಒಲೆಯಿಂದ ಮಾರು ದೂರದಲ್ಲಿ. ಅದರೊಳಗೆ ಚೈನಾ ಗ್ರಾಸಿನ ತುಂಡುಗಳು ಮೂಲೆ ಸಹ ಮುಕ್ಕಾಗದೆ ಕೂತಿದ್ದವು. ಜೆಲಟಿನ್ ಆಗಿದ್ದರೆ ಅದು ಯಾವಾಗಲೋ ಸಾರಾಗಿ ಹರಿಯಬೇಕಿತ್ತು. ಮೈಬಿಸಿಗೆ, ಮೂವತ್ತೈದು ಡಿಗ್ರಿಯೊಳಗೇ, ಅದು ಕರಗುತ್ತದೆ. ಅಗರ್ ಒಮ್ಮೆ ಗಟ್ಟಿಯಾಯಿತೆಂದರೆ ಎಂಬತ್ತೈದು ಡಿಗ್ರಿ ದಾಟುವವರೆಗೂ ಜಪ್ಪಯ್ಯ ಅಂದರೂ ಕರಗುವುದಿಲ್ಲ.

ಎದ್ದು ನಿಂತೆ. ಶರಣಪ್ಪನ ತೆಳು ಅಂಗಿಯ ಜೇಬಿನಲ್ಲಿ ಗುಳಿಗೆಯ ಪಟ್ಟಿ ಕಾಣುತ್ತಿತ್ತು, ಕೆಂಪು-ಹಳದಿ ಕ್ಯಾಪ್ಸೂಲ್.

"ಏನದು?"

"ಹೊಟ್ಟಿ ಉರೀತೈತಿ. ಡಾಕ್ಟರ್ ಕೊಟ್ಟಾರ. ಅದ್ಯಾಕ ಬೇಕು ನಿನಗ?"

"ಒಂದು ಕೊಡ್ರಿ. ಹುಟ್ಟು ಕೆಳಗಿಡ್ರಿ. ಎರಡೂ ಕೈ ಚಾಚ್ರಿ."

ಪರೀಕ್ಷೆ ಎಂದರೆ ಜನಕ್ಕೆ ಒಂದು ಕುತೂಹಲ. ಅದೊಂದೇ ಅವತ್ತು ನಮ್ಮನ್ನು ಕಾಯ್ದದ್ದು. ಶರಣಪ್ಪ ಹುಟ್ಟು ಬಿಟ್ಟು ಕೈ ಚಾಚಿದ. ಕ್ಯಾಪ್ಸೂಲಿನ ಪುಡಿ ಚೆಲ್ಲಿ ಬರೀ ಕವಚವನ್ನು ಎಡ ಅಂಗೈಗಿಟ್ಟೆ. ಚೈನಾ ಗ್ರಾಸಿನ ತುಂಡನ್ನು ಬಲ ಅಂಗೈಗಿಟ್ಟೆ. ಬಿಸಿಲಿಗೆ ಕಾದ ಹಂಡೆಯ ನೀರು ಎರಡಕ್ಕೂ ಸುರಿದು, "ಮುಷ್ಟಿ ಕಟ್ಟಬ್ಯಾಡ್ರಿ. ಎಲುಬಿಂದು ಯಾವುದೋ ಅದು ಕರಗತೈತಿ," ಅಂದೆ.

ಹೊಡೆಯುತ್ತಿದ್ದ ಕೈಗಳೆರಡೂ ಬೊಗಸೆಯಾಗಿ ನಿಂತವು. ಜನ ಕತ್ತು ಚಾಚಿದರು. ಮೊದಲು ಕವಚ ಮೆತ್ತಗಾಯಿತು, ಆಮೇಲೆ ಬಣ್ಣ ಬಿಟ್ಟಿತು, ಆಮೇಲೆ ಅಂಗೈಗೆ ಅಂಟಾಗಿ ಹತ್ತಿಕೊಂಡಿತು. ಬಲಗೈಯ ತುಂಡು ಇಟ್ಟ ಹಾಗೇ ಇತ್ತು.

"ಅಂಟಾತಲ್ಲ, ಆ ಗುಳಿಗಿ ಕವಚ, ಅದು ಎಲುಬಿಂದು," ಅಂದೆ. ತಡೆದುಕೊಳ್ಳಲಾಗಲಿಲ್ಲ, ಇನ್ನೊಂದು ಮಾತೂ ಬಂತು. "ದಿನಾ ನುಂಗಾಕತ್ತೀರಿ. ನಿಮ್ಮನ್ನ ಯಾವ ಕಂಬಕ್ಕ ಕಟ್ಟೋಣು?"

ಯಾರೋ ನಕ್ಕರು. ಆ ನಗುವೇ ಗುಂಪಿನ ಕಾವು ಇಳಿಸಿತು. ಶರಣಪ್ಪ ನಗಲಿಲ್ಲ. ಬಲಗೈ ಮುಷ್ಟಿ ಬಿಗಿದು ತುಂಡನ್ನು ಪುಡಿ ಮಾಡಿ, ಪಂಚೆಗೆ ಒರೆಸಿಕೊಂಡು, "ಬಿಚ್ಚರಿ ಅವನ್ನ," ಎಂದು ಹೊರಟುಹೋದ. ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಬರಲಿಲ್ಲ.

ಹಗ್ಗ ಬಿಚ್ಚಿದಾಗ ಖಾಜಾಸಾಬ ನನ್ನ ಕಡೆ ನೋಡಿ, "ನನ್ನ ಕೈಯಾಗೂ ಒಂದು ಇಡ್ರಿ ಸಾಹೇಬ್ರ," ಅಂದ. ಇಟ್ಟೆ. ಊದಿದ ಬೆರಳುಗಳು ಮಡಚಲಿಲ್ಲ. ತುಂಡು ಜಾರಿ ಮಣ್ಣಿಗೆ ಬಿತ್ತು. ಅದನ್ನೇ ನೋಡುತ್ತ ಅವನು ಅಳತೊಡಗಿದ.

ಕೇಸು ಆಯಿತು. ಮುನ್ನೂರು ಜನರಲ್ಲಿ ಒಬ್ಬನೂ ಕಂಡದ್ದನ್ನು ಕಂಡೆ ಎನ್ನಲಿಲ್ಲ. ಯಮನೂರಪ್ಪ ಮತ್ತು ನಾನು ಸಾಕ್ಷಿ ಹೇಳಿದೆವು, ಸಾಲಲಿಲ್ಲ. ಖಾಜಾಸಾಬನ ಮಣಿಕಟ್ಟು ಓರೆಯಾಗಿಯೇ ಕೂಡಿಕೊಂಡಿತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ಹಿರಿಯರು. ನನ್ನ ನೌಕರಿ ಅದಕ್ಕೆ ಒಂದು ಮಾತು ಸೇರಿಸಿತು: ಪ್ರಮಾಣಿಸುವ ಮೊದಲು, ಇದೇ ಉತ್ತರ ಬೇರೆ ಯಾವುದರಿಂದ ಬರಬಹುದು ಎಂದು ಕೇಳಿಕೋ. ಶರಣಪ್ಪನ ಮೂಗು ಸುಳ್ಳು ಹೇಳಿರಲಿಲ್ಲ, ನನ್ನ ದ್ರಾವಣವೂ ಹೇಳುತ್ತಿರಲಿಲ್ಲ. ಆದರೂ ಎರಡೂ ಕೂಡಿ ಒಂದು ನಿರಪರಾಧಿ ಕೈಯನ್ನು ಎಣ್ಣೆಗೆ ಅದ್ದುತ್ತಿದ್ದವು.

ವರ್ಗವಾಗಿ ಹೋಗುವ ಮುಂಚೆ ಗಂಗಾವತಿಯಲ್ಲಿ ಅವನ ಸಣ್ಣ ಅಂಗಡಿಗೆ ಹೋಗಿದ್ದೆ. ಎಡಗೈಯಿಂದ ಚೈನಾ ಗ್ರಾಸ್ ಕತ್ತರಿಸುತ್ತಿದ್ದ. ಹೊಸ ಗಿರಾಕಿಯೊಬ್ಬ ಬಂದ. ಖಾಜಾಸಾಬ ಒಂದು ತುಂಡನ್ನು ಅವನ ಅಂಗೈಗಿಟ್ಟು, ಬೆಚ್ಚನೆಯ ನೀರು ಹಾಕಿ, ನೋಡುತ್ತ ನಿಲ್ಲಲು ಹೇಳಿದ. ಆ ಮನುಷ್ಯ ಏನೂ ಕೇಳಿರಲಿಲ್ಲ.

"ಅದು ಎಲ್ಲರಿಗೂ ಗೊತ್ತಾಗಿ ಹೋಗೈತಲ್ಲ ಮಾರಾಯ," ಅಂದೆ. "ಇನ್ನೂ ಯಾಕ ತೋರಸ್ತಿ?"

ಅವನು ಚಾಕು ಒರೆಸಿ ಪಕ್ಕಕ್ಕಿಟ್ಟ.

"ಈಗ ಒಂದ ಕೈ ಉಳದೈತ್ರಿ ಸಾಹೇಬ್ರ."