ದಾರಿಯಲ್ಲಿ ಇಳಿದ ಮದುಮಗಳು

ದೊಡ್ಡತ್ತೆ ಸತ್ತು ಎಷ್ಟೋ ಕಾಲವಾಯಿತು. ಸತ್ತವರ ಬಗ್ಗೆ ಬಹುವಚನದಲ್ಲಿ ಮಾತಾಡಬೇಕಂತೆ. ಆಡುವವರು ಆಡಲಿ, ನನ್ನಿಂದಾಗದು. ಅವಳು ನನ್ನ ಗಂಡನ ಸೋದರತ್ತೆ. ಮದುವೆ ಮುಗಿಸಿ ಅಂಕೋಲೆ ಕಡೆಯ ನನ್ನ ತವರಿನಿಂದ ಕಾರವಾರದಾಚೆಯ ಕಿನ್ನರಕ್ಕೆ ಹೊರಟಾಗ ಗಾಡಿಯಲ್ಲಿ ನನ್ನ ಪಕ್ಕ ಕೂತವಳು. ಅಪ್ಪನ ಬಲಗೈ ಹೋದದ್ದು ಅವಳಿಂದ.

ಗಾಡಿ ಅಪ್ಪನದೇ. ಅದರಲ್ಲೇ ಭತ್ತ, ತೆಂಗಿನಕಾಯಿ, ಉಪ್ಪು ಹೇರಿ ಅಂಕೋಲೆಯಿಂದ ಕಾರವಾರಕ್ಕೆ ಹೊಡೆದು ನಮ್ಮ ಹೊಟ್ಟೆ ಹೊರೆಯುತ್ತಿದ್ದ. ಮೂವತ್ತರ ದಶಕ ಅದು, ನಮ್ಮ ಕಡೆ ಮೋಟಾರು ಆಗಷ್ಟೇ ಓಡಾಡತೊಡಗಿತ್ತು. ಕಾರವಾರದಲ್ಲಿ ಕೆಟ್ಟು ನಿಂತ ಯಾವುದೋ ಮೋಟಾರಿನ ಜಾಕು ಅಪ್ಪನಿಗೆ ಸಿಕ್ಕಿತ್ತು. ಕಬ್ಬಿಣದ ಸರಳು ತೂರಿಸಿ ತಿರುಗಿಸಿದರೆ ಗಾಡಿ ಮೇಲೇಳುತ್ತಿತ್ತು. ಅದು ಬಂದ ಮೇಲೂ ಗಾಲಿ ಎತ್ತುವುದರಲ್ಲಿ ಅಪ್ಪನಷ್ಟು ಪುಕ್ಕಲ ಇನ್ನೊಬ್ಬನಿರಲಿಲ್ಲ. ಮೊದಲು ಗಾಡಿ ಪೂರಾ ಖಾಲಿಯಾಗಬೇಕು. ಎತ್ತು ಬಿಚ್ಚಿ, ಮುಂದಕ್ಕೆ ಚಾಚಿದ ಮೂಕಿಮರಕ್ಕೆ ಊರುಗೋಲು ಕೊಟ್ಟು, ಆಚೆ ಗಾಲಿಗೆ ಹಿಂದೆ ಮುಂದೆ ಕಲ್ಲು ಒತ್ತಬೇಕು. ಗಟ್ಟಿ ನೆಲದ ಮೇಲೆ ಹಲಗೆ, ಹಲಗೆಯ ಮೇಲೆ ಜಾಕು. ಗಾಲಿ ನೆಲ ಬಿಟ್ಟ ಕೂಡಲೇ ಅಚ್ಚಿನ ಕೆಳಗೆ ಹಲಸಿನ ಕೊರಡು ಇಟ್ಟು, ಭಾರವನ್ನೆಲ್ಲ ಅದಕ್ಕೆ ಇಳಿಸಿ, ಆಮೇಲೇ ಗಾಲಿ ಕಳಚುವುದು. ಉಳಿದ ಗಾಡಿಯವರು ನಗುತ್ತಿದ್ದರು. ‘ಎಂತ ಮಾರಾಯ, ಗಾಲಿ ತೆಗೀತ್ಯಾ, ಮನೆ ಕಟ್ತ್ಯಾ?’ ಎನ್ನುತ್ತಿದ್ದರು. ನಗುವವರು ನಗಲಿ ಎಂದು ಅಪ್ಪ ತನ್ನ ಪಾಡಿಗೆ ಕೊರಡು ಇಡುತ್ತಿದ್ದ. ಅಂಗಳದಲ್ಲಿ ಸರಳು ತಿರುಗಿಸುವ ಕೆಲಸ ಎಷ್ಟೋ ಸಲ ನನ್ನದಾಗಿತ್ತು.

ಮದುವೆಯ ಸಡಗರದಲ್ಲಿ ನೆಂಟರು ಗಾಡಿಯನ್ನು ಗಾಲಿ ಸಮೇತ ಹಳ್ಳಕ್ಕಿಳಿಸಿ ತಿಕ್ಕಿ ತೊಳೆದಿದ್ದರು. ಬಾಳೆಕಂದು ಕಟ್ಟಿ ಸಿಂಗರಿಸಿದರು, ಕೀಲೆಣ್ಣೆ ಹಾಕುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ. ಅಮದಳ್ಳಿ ಹತ್ತಿರ ಬರುವಷ್ಟರಲ್ಲಿ ಗಾಲಿ ಕಿರ್ರೋ ಎಂದು ಕೂಗತೊಡಗಿತು, ಅಚ್ಚು ಸುಟ್ಟ ವಾಸನೆ ಬಂತು. ಮದುಮಗನೂ ದಿಬ್ಬಣದವರೂ ಮುಂದಿನ ಗಾಡಿಗಳಲ್ಲಿ ಹೋಗಿಬಿಟ್ಟಿದ್ದರು. ಉಳಿದವರು ನಾವು ಮೂವರೇ. ಅಪ್ಪ ಗಾಡಿ ನಿಲ್ಲಿಸಿದ.

‘ಅಕ್ಕಾ, ಗಾಲೀ ಎಣ್ಣೆ ಒಣಗೋಗ್ಯದೆ. ಒಂದ್ ಗಳಿಗೆ ಇಬ್ರೂ ಕೆಳಗೆ ಇಳೀರಿ’ ಎಂದ.

‘ಎಂಥಾ ಮಾತು ಇದು?’ ಎಂದಳು ದೊಡ್ಡತ್ತೆ. ‘ಗಂಡನ ಹೊಸ್ತಿಲು ಕಾಣೂಕೆ ಮುಂಚೆ ಮದುಮಗಳು ನೆಲ ಮುಟ್ಟೂದಾ? ನಮ್ಮಲ್ಲಿ ಹಾಂಗೆಲ್ಲ ಇಲ್ಲ. ಅವ್ಳ ಒಬ್ಳನ್ನೇ ಬಿಟ್ಟು ನಾನೂ ಇಳೂದಿಲ್ಲ.’

‘ಭಾರ ಇದ್ರೆ ಎತ್ತೂಕಾಗೂದಿಲ್ಲ ಅಕ್ಕಾ.’

‘ಆಗೂದಿಲ್ದೆ ಇದ್ರೆ ಹಾಂಗೇ ಹೊಡೀರಿ.’

ಹಾಗೇ ಹೊಡೆದರೆ ಗಾಡಿ ಮುಂದಿನ ಬಿಣಗಾ ಘಟ್ಟ ಹತ್ತುತ್ತಿರಲಿಲ್ಲ. ಅಪ್ಪ ನನ್ನ ಮುಖ ನೋಡಿದ. ಹೆಣ್ಣು ಕೊಟ್ಟವನು, ಮೊದಲ ದಿನವೇ ಬೀಗರ ಮಾತು ಮೀರುವುದುಂಟೇ? ಊರಿಡೀ ನಕ್ಕರೂ ಬಿಡದ ತನ್ನ ನೇಮವನ್ನು ಆ ಹೆಂಗಸಿನ ಒಂದು ಮಾತಿಗೆ ಬಿಟ್ಟುಕೊಟ್ಟ. ಅದಕ್ಕೆ ಅಪ್ಪನ ಮೇಲೂ ನನಗೆ ಸಿಟ್ಟಿದೆ, ಇವತ್ತಿಗೂ.

ಉಳಿದದ್ದನ್ನೆಲ್ಲ ತಪ್ಪದೆ ಮಾಡಿದ. ಎತ್ತು ಬಿಚ್ಚಿದ, ಊರುಗೋಲು ಕೊಟ್ಟ, ಕಲ್ಲು ಒತ್ತಿದ, ಹಲಗೆ ಹಾಸಿದ. ನಾವಿಬ್ಬರೂ ನನ್ನ ಟ್ರಂಕೂ ಮೇಲಿರುವಂತೆಯೇ ಗಾಲಿ ನೆಲ ಬಿಟ್ಟಿತು. ‘ತಂಗೀ, ಅಲ್ಲಾಡ್ಬೇಡ ಹಾಂ’ ಎಂದು ಹೇಳಿ ಕೊರಡನ್ನು ಅಚ್ಚಿನ ಕೆಳಗೆ ಸರಿಸುತ್ತಿದ್ದ. ನಾನು ಉಸಿರು ಬಿಗಿಹಿಡಿದು ಕೂತೆ. ದೊಡ್ಡತ್ತೆಗೆ ಮಾತ್ರ ಆಗಲೇ ಎಲೆಯಡಿಕೆ ಉಗುಳಬೇಕಾಯಿತು. ನನ್ನ ಮೈಮೇಲಿಂದ ಬಗ್ಗಿ ಆಚೆ ಪಕ್ಕಕ್ಕೆ ವಾಲಿದಳು. ಜಾಕು ಮಗುಚಿತು, ಗಾಡಿ ಕೊರಡಿನ ಮೇಲೆ ಕೂತಿತು. ನಡುವೆ ಅಪ್ಪನ ಕೈ.

ಅಪ್ಪ ಕೂಗಿದ್ದನ್ನು ನಾನು ಹೇಳಲಾರೆ. ಕೆಳಕ್ಕೆ ಹಾರಿದೆ. ಸೀರೆ ಎತ್ತಿ ಕಟ್ಟಿ, ಬಿದ್ದ ಜಾಕನ್ನು ಹಲಗೆಯ ಮೇಲೆ ನಿಲ್ಲಿಸಿ ಸರಳು ತಿರುಗಿಸಿದೆ. ‘ನೆಲ ಮುಟ್ಟಿದ್ಲಪ್ಪಾ, ಮುಟ್ಟಿಬಿಟ್ಲು!’ ಎಂದು ದೊಡ್ಡತ್ತೆ ಮೇಲಿಂದ ಬಾಯಿ ಬಡಿದುಕೊಳ್ಳುತ್ತಿದ್ದಳು. ಇಳಿಯಿರಿ ಎಂದು ಕಿರುಚಿದರೂ ಆ ಪುಣ್ಯಾತ್ಗಿತ್ತಿ ಇಳಿಯಲಿಲ್ಲ. ಅವಳನ್ನೂ ಸೇರಿಸಿಯೇ ಎತ್ತಿದೆ. ಅಪ್ಪ ಕೈ ಹೊರಗೆಳೆದುಕೊಂಡ. ಬೆರಳುಗಳು ನಜ್ಜುಗುಜ್ಜಾಗಿದ್ದವು. ಸೆರಗು ಹರಿದು ಸುತ್ತಿದೆ. ಅಪ್ಪ ಹೇಳಿಹೇಳಿದಂತೆ ನಾನೇ ಗಾಲಿ ಕಳಚಿ ಕೀಲೆಣ್ಣೆ ಬಳಿದೆ, ಎತ್ತು ಹೂಡಿದೆ. ಅವನು ಎಡಗೈಯಲ್ಲಿ ಹಗ್ಗ ಹಿಡಿದ.

ದೀಪ ಹಚ್ಚುವ ಹೊತ್ತಿಗೆ ಕಿನ್ನರ ಮುಟ್ಟಿದೆವು. ಹೆಣ್ಣೊಪ್ಪಿಸುವ ಶಾಸ್ತ್ರಕ್ಕೆ ಅಪ್ಪ ಎಡಗೈ ಚಾಚಿದ.

‘ಎಡಗೈಲಿ ಒಪ್ಪಿಸೂದಾ? ಛೀ!’ ಎಂದಳು ದೊಡ್ಡತ್ತೆ.

ಅಪ್ಪ ಬಟ್ಟೆ ಸುತ್ತಿದ ಬಲಗೈಯನ್ನೇ ಎತ್ತಿ ನನ್ನ ಕೈಮೇಲಿಟ್ಟ. ರಕ್ತ ನನ್ನ ಅಂಗೈಗೆ ಇಳಿಯಿತು.

ಚೌತಿಗೆ ನನ್ನನ್ನು ತವರಿಗೆ ಕರೆದೊಯ್ಯಲು ಅಪ್ಪ ಬಂದಾಗ ಅವನ ಬೆರಳುಗಳು ಒಣಗಿ ಅಂಗೈಗೆ ಅಂಟಿಕೊಂಡಿದ್ದವು. ಗಾಡಿ ಹೊಡೆಯುವುದು ಅಲ್ಲಿಗೇ ಮುಗಿದಿತ್ತು, ಬೇರೆಯವರ ಗಾಡಿಯಲ್ಲಿ ಕೂತು ಬಂದಿದ್ದ. ದೊಡ್ಡತ್ತೆ ನೆರೆಮನೆಯವಳಿಗೆ ಅವನೆದುರೇ ಕತೆ ಹೇಳಿದಳು:

‘ಬ್ಯಾಡ ಬ್ಯಾಡ ಅಂದ್ರೂ ಇವ್ಳು ದಾರೀಲಿ ನೆಲಕ್ಕೆ ಇಳಿದ್ಲು. ಅದಕ್ಕೇ ಕಾಣು, ಅಪ್ಪನ ಕೈ ಹೋಯ್ತು.’

ನಾನು ಬಾಯಿ ತೆರೆಯುವುದರೊಳಗೆ ಅಪ್ಪ ಹೇಳಿದ:

‘ಹೌದಕ್ಕಾ.’

ನಾನು ಆ ಮನೆಯಲ್ಲಿ ಬಾಳಬೇಕಲ್ಲ, ಅದಕ್ಕೆ. ಎಲೆ ಹಾಕಿ ಕರೆದೆ. ಅಪ್ಪ ಎಲೆ ನೋಡಿದ, ತನ್ನ ಬಲಗೈ ನೋಡಿಕೊಂಡ. ಬೀಗರ ಪಂಕ್ತಿಯಲ್ಲಿ ಎಡಗೈಯಲ್ಲಿ ಉಣ್ಣುವುದು ಹೇಗೆ?

‘ಹಸಿವಿಲ್ಲ ತಂಗಿ, ದಾರೀಲಿ ಉಂಡೆ’ ಎಂದ.

ಕಿನ್ನರ ದಾಟಿ ಗಾಡಿ ಸುಮಾರು ದೂರ ಬಂದ ಮೇಲೆ ಮೆಲ್ಲಗೆ ಕೇಳಿದ:

‘ತಂಗೀ, ತಿನ್ನೂಕೆ ಎಂತದಾದ್ರೂ ಅದ್ಯಾ?’

ಗಂಟಿನಲ್ಲಿ ಬಾಳೆಹಣ್ಣಿತ್ತು. ಸಿಪ್ಪೆ ಸುಲಿದು ಎಡಗೈಗೆ ಕೊಟ್ಟೆ.