ಹಾಡಿಗೋಸ್ಕರ ಮದುವೆ ಬಿಟ್ಟವಳು

ಕುಶಾಲನಗರದ ಖಾಸಗಿ ಶಾಲೆಯೊಂದರಲ್ಲಿ ಧನುಶ್ರೀ ಪಿ.ಟಿ. ಟೀಚರ್ ಆಗಿದ್ದಳು. ಅವಳ ಡ್ರಿಲ್ ಪೀರಿಯಡ್ ಶುರುವಾಯಿತೆಂದರೆ ಗಣಿತದ ಮೇಷ್ಟ್ರು ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದರು. ತಮಟೆಯ ಹೊಡೆತವಿರುವ ಕುಣಿತದ ಹಾಡೆಂದರೆ ಅವಳಿಗೆ ಪ್ರಾಣ. ಊಟ ಬಿಟ್ಟರೂ ಅವಳು ಹಾಡು ಬಿಡುವವಳಲ್ಲ ಎಂದು ತಂಗಿ ಅನುಶ್ರೀ ಆಡಿಕೊಳ್ಳುತ್ತಿದ್ದಳು.

ಮನೆ ಇದ್ದದ್ದು ಕೂಡಿಗೆಯ ಕಡೆ. ಅಪ್ಪ ನಾಗರಾಜು ಶುಂಠಿ, ಜೋಳ ಬೆಳೆಯುವವರು. ಅಜ್ಜಿ ಸಿದ್ದಮ್ಮ ಹಾಸನದ ಸೀಮೆಯಿಂದ ಮದುವೆಯಾಗಿ ಬಂದವಳು. ಸುತ್ತಮುತ್ತ ಯಾರ ಮನೆಯಲ್ಲಿ ಅರಿಶಿನದ ಶಾಸ್ತ್ರವಾದರೂ ಸೋಬಾನೆ ಹಾಡಲು ಅವಳನ್ನು ಕರೆಯುತ್ತಿದ್ದರು. ಅವಳ ಗಂಟಲು ಒರಟು. ಅವಳು ಎತ್ತಿಕೊಟ್ಟ ಹಾಡನ್ನು ಮಿಕ್ಕ ಹೆಂಗಸರು ಹಿಡಿದರೆ ಚಪ್ಪರವೇ ನಡುಗುತ್ತಿತ್ತು.

ತೇಜಸ್‌ನ ಸಂಬಂಧ ಬಂದಾಗ ಮನೆಯವರೆಲ್ಲ ಹಿಗ್ಗಿದರು. ಕಾಲೇಜಿನಲ್ಲಿ ಲೆಕ್ಚರರ್, ಮೆಲುಮಾತಿನವನು, ನೋಡಲು ಲಕ್ಷಣ. ಅವನಿಗೂ ಸಂಗೀತದ ಹುಚ್ಚು ಎಂದು ತಿಳಿದಾಗ ಧನುಶ್ರೀಗೆ ಎಲ್ಲಕ್ಕಿಂತ ಹೆಚ್ಚು ಖುಷಿಯಾಯಿತು. ನಿಶ್ಚಿತಾರ್ಥವೂ ಆಯಿತು.

ಅವನ ಹುಚ್ಚು ಬೇರೆ ತರಹದ್ದು. ಕೊಳಲು, ಸಿತಾರ್, ಗಜಲ್. ಕಾರಿನಲ್ಲಿ ಅವಳು ತನ್ನ ಹಾಡು ಹಾಕಿದರೆ ಅವನು ನಗುತ್ತಲೇ ಸೌಂಡ್ ತಗ್ಗಿಸಿ, ಇನ್ನೂ ತಗ್ಗಿಸಿ, ಕೊನೆಗೆ ಬೇರೆಯದನ್ನು ಹಾಕುತ್ತಿದ್ದ.

"ಇದನ್ನ ಕೇಳು ಧನು. ಕಣ್ಣು ಮುಚ್ಚಿಕೊಂಡು ಕೇಳು."

ಅವಳು ಕಣ್ಣು ಮುಚ್ಚಿ ಕೇಳಿದಳು. ಕೆಲವು ನಿಜಕ್ಕೂ ಇಷ್ಟವಾದವು. ಒಂದು ಕೊಳಲಿನ ರಾಗವಂತೂ ಅವಳಿಗೆ ಎಷ್ಟು ಹಿಡಿಸಿತೆಂದರೆ ಶಾಲೆಯಲ್ಲಿ ಯೋಗದ ಪೀರಿಯಡ್‌ಗೆ ಅದನ್ನೇ ಹಾಕತೊಡಗಿದಳು. ಅವಳ ಹಾಡನ್ನು ಮಾತ್ರ ಅವನು ಒಮ್ಮೆಯೂ ಕೊನೆಯವರೆಗೆ ಕೇಳಲಿಲ್ಲ. ಒಂದು ಭಾನುವಾರ ಮಡಿಕೇರಿಯಲ್ಲಿ ಸ್ನೇಹಿತರ ಜೊತೆ ಕಾಫಿಗೆ ಕೂತಿದ್ದಾಗ ಅವಳ ಫೋನ್ ರಿಂಗಾಯಿತು. ತಮಟೆಯ ಸದ್ದಿಗೆ ಎಲ್ಲರೂ ತಿರುಗಿ ನೋಡಿದರು.

"ಟೆಂಪೋದಲ್ಲಿ ಹಾಕ್ತಾರಲ್ಲ, ಆ ಟೇಸ್ಟು," ಎಂದ ತೇಜಸ್ ಸ್ನೇಹಿತರ ಕಡೆ ನೋಡಿ. "ಸರಿಮಾಡ್ತಾ ಇದೀನಿ."

ಎಲ್ಲರೂ ನಕ್ಕರು. ಧನುಶ್ರೀಯೂ ನಕ್ಕಳು. ಬಸ್ಸಿನಲ್ಲಿ ಮನೆಗೆ ಬರುವಾಗ ಆ ನಗು ನೆನಪಾಗಿ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಲಗ್ನಪತ್ರಿಕೆ ಹಂಚುವ ಹೊತ್ತಿಗೆ ತೇಜಸ್ ಮನೆಗೆ ಬಂದ. ಮದುವೆ ಹೇಗೆ ನಡೆಯಬೇಕೆಂದು ಅವನಿಗೆ ಸ್ಪಷ್ಟವಿತ್ತು: ಬ್ಯಾಂಡ್ ಬೇಡ, ಮೆಲ್ಲಗೆ ಕೊಳಲಿನ ರೆಕಾರ್ಡ್ ಇರಲಿ, ಕಾಲೇಜಿನವರೆಲ್ಲ ಬರುತ್ತಾರೆ. ನಾಗರಾಜು ಎಲ್ಲಕ್ಕೂ ತಲೆಯಾಡಿಸಿದರು. ಆಮೇಲೆ ಅವನು ದನಿ ತಗ್ಗಿಸಿ ಹೇಳಿದ:

"ಅಜ್ಜಿಯವರ ಸೋಬಾನೆ... ಅದು ಮನೆ ಮಟ್ಟಿಗೆ ಇರಲಿ ಮಾವ. ಹಾಲ್‌ನಲ್ಲಿ, ಮೈಕ್‌ನಲ್ಲಿ ಚೆನ್ನಾಗಿರಲ್ಲ. ನಂಗೆ ಮುಜುಗರ ಆಗತ್ತೆ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸಿದ್ದಮ್ಮ ತಾನೇ ಮುಂದೆ ಬಂದಳು. "ಆಯ್ತು ಬುಡಪ್ಪ. ನಾ ಆಡ್ದಿದ್ರೆ ಮದ್ವೆ ನಿಂತೋದದಾ?"

"ನಿಲ್ತದೆ," ಎಂದಳು ಧನುಶ್ರೀ.

ಯಾರಿಗೂ ಅರ್ಥವಾಗಲಿಲ್ಲ. ಅವಳೂ ಆ ಮಾತನ್ನು ಯೋಚಿಸಿ ಆಡಿರಲಿಲ್ಲ. ಆಡಿದ ಮೇಲೆ ಅದೇ ಸರಿ ಎನ್ನಿಸಿತು.

"ತೇಜಸ್, ನಿಮ್ಮ ಹಾಡು ನಾನು ಕೇಳ್ದೆ. ಕಲಿತೆ ಕೂಡ. ನನ್ನ ಹಾಡು ನಿಮಗೆ ಇಷ್ಟ ಆಗ್ದಿದ್ರೆ ನಡೀತಿತ್ತು. ಆದ್ರೆ ನಮ್ಮ ಮನೆಯೋರು ಬಾಯಿ ತೆಗೆದ್ರೆ ನಿಮಗೆ ಮುಜುಗರ ಅಂದ್ರೆ, ನಾಳೆ ನಾನು ಬಾಯಿ ತೆಗೆದ್ರೂ ಮುಜುಗರವೇ. ಈ ಮದುವೆ ಬೇಡ."

"ಹುಚ್ಚಾ ನಿಂಗೆ? ಒಂದು ಹಾಡಿಗೋಸ್ಕರ?"

"ಹೂಂ, ಹಾಡಿಗೋಸ್ಕರವೇ ಅಂದ್ಕೊಳ್ಳಿ."

ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ನಾಗರಾಜು ಮಗಳ ಜೊತೆ ಮಾತು ಬಿಟ್ಟರು. ಸಿದ್ದಮ್ಮನೇ ಅತ್ತು, "ನನ್ನಿಂದ ನಿನ್ ಬಾಳು ಆಳಾಯ್ತು ಕಣವ್ವ," ಎಂದಳು. "ನಿನ್ನಿಂದ ಅಲ್ಲ ಕಣಜ್ಜಿ, ನಾನೇ ಬೇಡ ಅಂದಿದ್ದು. ಆ ಹೆಸರು ನನಗೇ ಇರಲಿ, ನೀನು ತಗೋಬೇಡ," ಎಂದು ಧನುಶ್ರೀ ಗದರಿದಳು. ಪೇಟೆಯಲ್ಲಿ ಅವಳಿಗೆ 'ಹಾಡಿಗೋಸ್ಕರ ಮದುವೆ ಬಿಟ್ಟವಳು' ಎಂಬ ಹೆಸರು ಬಿತ್ತು. ತರಕಾರಿ ಅಂಗಡಿಯಲ್ಲಿ ಒಬ್ಬಳು ಹಿಂದಿನಿಂದ ಪಿಸುಗುಟ್ಟಿದಾಗ ಇವಳು ತಿರುಗಿ, "ಹೌದಕ್ಕ, ನಾನೇ ಅವಳು. ಏನು ಕೇಳ್ಬೇಕಿತ್ತು?" ಎಂದಳು. ಆ ಹೆಂಗಸು ಟೊಮೆಟೊ ಆರಿಸುವುದರಲ್ಲಿ ಮುಳುಗಿದಳು.

ಮುಂದೆ ಬಂದ ಗಂಡುಗಳಿಗೆಲ್ಲ ಅವಳದು ಒಂದೇ ಪ್ರಶ್ನೆ: "ನಿಮ್ಮ ಫೋನಲ್ಲಿ ಯಾವ ಹಾಡಿದೆ, ತೋರಿಸಿ." ಕೆಲವರು ನಕ್ಕರು. ಒಬ್ಬನ ತಾಯಿ ತಟ್ಟೆಯಲ್ಲಿದ್ದ ಉಪ್ಪಿಟ್ಟು ಮುಟ್ಟದೆ ಎದ್ದು ಹೋದರು.

ಸೋದರತ್ತೆ ಸುಲೋಚನಮ್ಮ ಕರೆತಂದವನು ತೀರ್ಥಪ್ರಸಾದ್. ಅರೆಭಾಷೆಯ ಗೌಡರ ಹುಡುಗ. ವಿರಾಜಪೇಟೆ ಹತ್ತಿರದ ಬಿಟ್ಟಂಗಾಲದ ಕಾಫಿ ಎಸ್ಟೇಟ್ ಒಂದರಲ್ಲಿ ರೈಟರ್ ಆಗಿ ಕೆಲಸದವರ ಹಾಜರಿ, ಹಣ್ಣು ಕೊಯ್ಲು ಎಲ್ಲ ನೋಡಿಕೊಳ್ಳುತ್ತಿದ್ದ. ಧನುಶ್ರೀ ಪ್ರಶ್ನೆ ಕೇಳಿದಳು. ಅವನು ಫೋನನ್ನೇ ಅವಳ ಕೈಗೆ ಕೊಟ್ಟ.

"ಒಂದೂ ಇಲ್ಲ."

"ಒಂದೂ ಇಲ್ವಾ?"

"ಸಣ್ಣದಿರುವಾಗಿಂದ ಹಾಗೆಯೇ. ಹಾಡು ಕೇಳಿದ್ರೆ ನಂಗೆ ಎಂತದೂ ಆಗುದಿಲ್ಲ. ಎಲ್ಲ ಒಂದೇ ಹಾಗೆ ಕೇಳ್ತದೆ."

ಅವಳಿಗೆ ನಗು ತಡೆಯಲಾಗಲಿಲ್ಲ. "ನಾನು ಬೆಳಗ್ಗೆ ಎದ್ದ ಕೂಡ್ಲೇ ಜೋರಾಗಿ ಹಾಡು ಹಾಕ್ತೀನಿ."

"ಹಾಕಿ. ನಾನು ಕಾಫಿ ಹಣ್ಣು ಸುಲಿಯುವ ಪಲ್ಪಿಂಗ್ ಮೆಷಿನ್ನಿನ ಸದ್ದಲ್ಲೇ ಮಲಗಿ ಅಭ್ಯಾಸ ಆದವ."

ಅವಳು ಫೋನನ್ನು ಅವನಿಗೆ ಮರಳಿ ಕೊಟ್ಟಳು. ಅವನೇ ಮುಂದುವರಿಸಿದ. "ಆದ್ರೆ ನಿಮಗೆ ಜೊತೆಗೆ ಕೂತು ಕೇಳುವವರು ಬೇಕಾದ್ರೆ ನನ್ನಿಂದ ಆಗ್ಲಿಕ್ಕಿಲ್ಲ. ಈಗ್ಲೇ ಹೇಳಿದ್ದೇನೆ, ಆಮೇಲೆ ಬೇಜಾರು ಮಾಡ್ಬಾರ್ದು."

ಅವನು ಹೋದ ಮೇಲೆ ಅನುಶ್ರೀ ಅಕ್ಕನ ಮೇಲೆ ಹರಿಹಾಯ್ದಳು. "ಸಂಗೀತ ಗೊತ್ತಿದ್ದೋನ್ನ ಬಿಟ್ಟೆ. ಈಗ ಕಿವಿನೇ ಇಲ್ದೋನ್ನ ಒಪ್ತೀಯಾ? ಊರೋರು ಏನಂತಾರೆ?"

"ಅನ್ನಲಿ. ಅವರ ಹಾಡು ಬೇರೆ ಅಂತ ಬಿಟ್ಟೆ ಅಂತ ನಾನ್ಯಾವತ್ತಾದ್ರೂ ಅಂದಿದ್ನಾ? ತೇಜಸ್ ನಮ್ಮನ್ನ ಕಂಡು ನಾಚ್ಕೊಂಡ್ರು ಕಣೇ. ಇವರಿಗೆ ನಾಚ್ಕೊಳೋದೇ ಗೊತ್ತಿಲ್ಲ."

ಮದುವೆಯಾಯಿತು. ಸಿದ್ದಮ್ಮ ಮೈಕ್ ಮುಂದೆ ನಿಂತು ಗಂಟಲು ಒಡೆಯುವಂತೆ ಹಾಡಿದಳು. ನಾಗರಾಜು ಹಿಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಂಡರು.

ಈಗ ಧನುಶ್ರೀ ವಿರಾಜಪೇಟೆಯ ಕಡೆಯ ಒಂದು ಶಾಲೆಯಲ್ಲಿದ್ದಾಳೆ. ಕೊರತೆಯೇ ಇಲ್ಲವೆಂದು ಅವಳು ಹೇಳುವುದಿಲ್ಲ. ಹೊಸ ಹಾಡೊಂದು ಮನಸ್ಸಿಗೆ ನಾಟಿದಾಗ ಯಾರಿಗಾದರೂ ಕೇಳಿಸಬೇಕೆನ್ನಿಸುತ್ತದೆ; ಪಕ್ಕದಲ್ಲಿರುವವನಿಗೆ ಅದು ಬರೀ ಸದ್ದು. ಆಗ ಅನುಶ್ರೀಗೆ ಫೋನ್ ಮಾಡುತ್ತಾಳೆ.

ಕಳೆದ ವರ್ಷದ ಶಾಲಾ ವಾರ್ಷಿಕೋತ್ಸವಕ್ಕೆ ಹೆಣ್ಣುಮಕ್ಕಳಿಗೆ ಅವಳು ತಮಟೆ ಕುಣಿತ ಕಲಿಸಿದ್ದಳು. ಮುಖ್ಯೋಪಾಧ್ಯಾಯಿನಿ ಬೊಳ್ಳಮ್ಮ ರಿಹರ್ಸಲ್ ನೋಡಿ, "ಸ್ವಲ್ಪ ಡೀಸೆಂಟ್ ಹಾಡು ಹಾಕಬಹುದಲ್ಲಾ ಧನುಶ್ರೀ? ಹೆಣ್ಣುಮಕ್ಕಳು," ಎಂದರು.

"ಹಾಡಲ್ಲಿ ಒಂದು ಕೆಟ್ಟ ಪದ ಇದ್ರೆ ತೋರಿಸಿ ಮೇಡಂ, ತೆಗೀತೀನಿ. ಸದ್ದು ಜೋರು ಅನ್ನೋದಾದ್ರೆ, ಅದು ಇರಬೇಕಾದ್ದೇ ಹಾಗೆ."

ಬೊಳ್ಳಮ್ಮ ಅವಳನ್ನು ಒಂದು ಕ್ಷಣ ದಿಟ್ಟಿಸಿ, "ಆಯ್ತು, ಮಾಡಿ," ಎಂದರು.

ಆ ದಿನ ವೇದಿಕೆಯ ಮೇಲೆ ಹುಡುಗಿಯರ ಕಾಲುಗಳು ಒಂದೇ ಸಮ ಬೀಳುತ್ತಿದ್ದವು. ಸಭೆ ತಾಳ ಹಾಕತೊಡಗಿತು. ಮುಂದಿನ ಸಾಲಿನಲ್ಲಿದ್ದ ತೀರ್ಥಪ್ರಸಾದ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ. ಒಂದೂ ತಾಳಕ್ಕೆ ಸೇರುತ್ತಿರಲಿಲ್ಲ. ಅಕ್ಕಪಕ್ಕದವರು ತಿರುಗಿ ನೋಡಿದಾಗ ಅವನ ಕೈ ನಿಧಾನವಾಯಿತು. ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಧನುಶ್ರೀ ಅದನ್ನು ಕಂಡಳು. ಎಲ್ಲರಿಗೂ ಕಾಣುವಂತೆ ಎರಡೂ ಕೈ ಮೇಲೆತ್ತಿ, ಇನ್ನೂ ಜೋರಾಗಿ ಹೊಡಿ ಎಂದು ಸನ್ನೆ ಮಾಡಿದಳು.